ಸರ್ವರಿನ ಪರದೆ ಯಾರ ಕಣ್ಣಿಗೆ?

ಪದವಿ ಕಾಲೇಜೊಂದರ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ, ಎರವಲುಗಳನ್ನು ನೋಡಿಕೊಳ್ಳುವ ಕೋಹಾ ತಂತ್ರಾಂಶವನ್ನು ಹಾಕಿಕೊಟ್ಟು ಮೂರು ವಾರ ಕಳೆದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಗ್ರಂಥಪಾಲಕರು ಫೋನ್ ಮಾಡಿ, ರಾತ್ರಿ ಹಾಸ್ಟೆಲಿನ ಹುಡುಗರಿಗೆ ಪುಸ್ತಕಗಳ ಕ್ಯಾಟಲಾಗ್ ತೆರೆಯಲೇ ಇಲ್ಲವಂತೆ, ಆದರೆ ಈಗ ತಾವು ಬಂದು ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ ಎಂದರು. ಮರುದಿನವೂ ಅದೇ ದೂರು, ಅದರ ಮರುದಿನವೂ ಅದೇ. ನಾನು ಮನೆಯಿಂದಲೇ ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಯಂತ್ರಕ್ಕೆ ಆದೇಶ ಕೊಡುವ ಸುರಕ್ಷಿತ ದಾರಿಯಿಂದ, ಕೋಹಾ ಓಡುವ ಸರ್ವರಿನ ಒಳಹೊಕ್ಕು, ಯಂತ್ರ ಎಷ್ಟು ಕಾಲದಿಂದ ನಡೆಯುತ್ತಿದೆ ಎಂದು ತಿಳಿಸುವ ಅಪ್‌ಟೈಮ್ ನೋಡಿದೆ. ಯಂತ್ರ ಹನ್ನೆರಡು ದಿನಗಳಿಂದ ಒಮ್ಮೆಯೂ ನಿಂತಿಲ್ಲ ಎಂದು ಅದು ಹೇಳಿತು. ಕರೆಂಟ್ ಹೋಗಿಲ್ಲ, ಯಂತ್ರ ರೀಬೂಟ್ ಆಗಿಲ್ಲ, ಬ್ರೌಸರಿಗೆ ಪುಟಗಳನ್ನು ಕಳಿಸುವ ಅಪಾಚೆಯಾಗಲಿ, ದತ್ತಾಂಶ ಇಟ್ಟುಕೊಳ್ಳುವ ಮರಿಯಾಡಿಬಿಯಾಗಲಿ ಕುಸಿದಿಲ್ಲ. ಹಾಗಾದರೆ ತಪ್ಪು ಹಾಸ್ಟೆಲಿಗೆ ಹೋಗುವ ನೆಟ್‌ವರ್ಕ್ ಸ್ವಿಚ್ಚಿನದೇ ಇರಬೇಕು ಎಂದು ತೀರ್ಮಾನಿಸಿ, ಪಾಪ, ಆ ಸ್ವಿಚ್ಚನ್ನು ಎರಡು ಸಲ ಬದಲಾಯಿಸಿದೆವು.

ನಿಜ ಗೊತ್ತಾದದ್ದು ರಾತ್ರಿ ಎರಡು ಗಂಟೆಗೆ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಓಡಬೇಕಿದ್ದ ಬ್ಯಾಕಪ್ಪಿನ ಫೈಲುಗಳು ಒಂದೂ ಇಲ್ಲದಿರುವುದನ್ನು ಕಂಡಾಗ. ಯಂತ್ರದ ದಿನಚರಿಯಾದ ಜರ್ನಲ್ ತೆರೆದು ರಾತ್ರಿಯ ಹೊತ್ತಿನ ಸಾಲುಗಳನ್ನು ಓದಿದೆ. ಸಂಜೆ ಗ್ರಂಥಾಲಯದ ಬಾಗಿಲು ಮುಚ್ಚಿದ ಸುಮಾರು ಇಪ್ಪತ್ತು ನಿಮಿಷಕ್ಕೆ, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ‘ದ ಸಿಸ್ಟಮ್ ವಿಲ್ ಸಸ್ಪೆಂಡ್ ನೌ’, ಅಂದರೆ ಯಂತ್ರ ಈಗ ನಿದ್ದೆಗೆ ಹೋಗುತ್ತದೆ ಎಂದು ಬರೆದುಕೊಂಡಿತ್ತು. ಅದರ ಕೆಳಗೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ ‘ಪಿಎಂ: ಸಸ್ಪೆಂಡ್ ಎಂಟ್ರಿ’ ಎಂಬ ಸಾಲು, ಅದರ ಮುಂದಿನ ಸಾಲಿಗೆ ಮರುದಿನ ಬೆಳಿಗ್ಗೆ ಒಂಬತ್ತರ ಸಮಯ. ನಡುವೆ ಏನೂ ಇರಲಿಲ್ಲ. ಸರ್ವರ್ ರಾತ್ರಿಯಿಡೀ ನಿದ್ದೆ ಮಾಡಿ, ಬೆಳಿಗ್ಗೆ ಯಾರೋ ಕೀಬೋರ್ಡ್ ಮುಟ್ಟಿದೊಡನೆ ಕಣ್ಣುಜ್ಜಿಕೊಂಡು ಏಳುತ್ತಿತ್ತು. ಅಪ್‌ಟೈಮ್ ನಿದ್ದೆಯ ಅವಧಿಯನ್ನೂ ಸೇರಿಸಿಯೇ ಲೆಕ್ಕ ಕೊಡುವುದರಿಂದ ನನಗೆ ಅನುಮಾನ ಬಂದಿರಲಿಲ್ಲ.

ಆ ಯಂತ್ರದಲ್ಲಿದ್ದದ್ದು ಡೆಬಿಯನ್ 11 ಎಂಬ ಲಿನಕ್ಸ್. ಅದರ ಮೇಲೆ ಗ್ನೋಮ್ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಮೌಸುಗಳ ಚಿತ್ರಾತ್ಮಕ ಪರದೆ, ಇತ್ತು. ಲಾಗಿನ್ ಪರದೆಯ ಮುಂದೆ ಇಪ್ಪತ್ತು ನಿಮಿಷ ಯಾರೂ ಕೀಲಿಯನ್ನೋ ಮೌಸನ್ನೋ ಅಲುಗಿಸದಿದ್ದರೆ ಯಂತ್ರವನ್ನು ಮಲಗಿಸುವುದು ಅಲ್ಲಿ ಗ್ನೋಮಿನ ಪೂರ್ವನಿಯೋಜಿತ ವರ್ತನೆ. ವಿದ್ಯುತ್ ಉಳಿಸುವ ಈ ಏರ್ಪಾಡು ಮೇಜಿನ ಮೇಲಿನ ಕಂಪ್ಯೂಟರಿಗೆ ಸಮಂಜಸವಾದದ್ದೇ. ಆದರೆ ಡೆಸ್ಕ್‌ಟಾಪಿನ ಲೆಕ್ಕದಲ್ಲಿ ಬಳಕೆದಾರ ಎಂದರೆ ಆ ಯಂತ್ರದ ಮುಂದೆ ಕುಳಿತವನು ಮಾತ್ರ. ಹಾಸ್ಟೆಲಿನಿಂದ ಕ್ಯಾಟಲಾಗ್ ನೋಡುತ್ತಿರುವ ನಲವತ್ತು ಜನರನ್ನಾಗಲಿ, ಎಸ್‌ಎಸ್‌ಎಚ್ ಮೂಲಕ ಒಳಗಿರುವ ನನ್ನನ್ನಾಗಲಿ ಅದು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಈ ಡೆಸ್ಕ್‌ಟಾಪನ್ನು ಅಲ್ಲಿಟ್ಟವರು ಯಾರು? ನಾನೇ. ಡೆಬಿಯನ್ ಅನುಸ್ಥಾಪನೆಯ ಕೊನೆಯ ಹಂತದಲ್ಲಿ ಟಾಸ್ಕ್‌ಸೆಲ್ ಎಂಬ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ‘ಡೆಬಿಯನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ ಎಂಬ ಸಾಲಿಗೂ ಅದರ ಕೆಳಗಿನ ‘ಗ್ನೋಮ್’ ಎಂಬ ಸಾಲಿಗೂ ಮೊದಲೇ ಗುರುತು ಹಾಕಿರುತ್ತದೆ. ಸ್ಪೇಸ್ ಬಾರ್ ಒತ್ತಿ ಎರಡನ್ನೂ ತೆಗೆಯಬೇಕು. ಕೆಳಗಿನದನ್ನು ಮಾತ್ರ ತೆಗೆದು ಮೇಲಿನದನ್ನು ಬಿಟ್ಟರೂ ಡೆಸ್ಕ್‌ಟಾಪ್ ಬಂದೇ ಬರುತ್ತದೆ. ನಾನು ಮರೆತು ಬಿಟ್ಟದ್ದಲ್ಲ, ತಿಳಿದೇ ಬಿಟ್ಟದ್ದು. ‘ಇರಲಿ, ನಾಳೆ ನಾನಿಲ್ಲದಾಗ ಇವರಿಗೆ ಏನಾದರೂ ನೋಡಬೇಕೆನಿಸಿದರೆ ಮೌಸ್ ಹಿಡಿದು ನೋಡಿಕೊಳ್ಳಲಿ’ ಎಂಬ ಔದಾರ್ಯ ನನ್ನದು. ಲಿನಕ್ಸ್ ಸರ್ವರಿಗೆ ಡೆಸ್ಕ್‌ಟಾಪ್ ಹಾಕುವವರಲ್ಲಿ ಬಹುಪಾಲು ಜನ ಕೊಡುವ ಕಾರಣವೂ ಇದೇ ಆಗಿರುವುದರಿಂದ, ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಸರ್ವರಿಗೆ ಡೆಸ್ಕ್‌ಟಾಪ್ ಬೇಕೇ ಎಂಬ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಪೌರುಷದ ಪ್ರಶ್ನೆಯನ್ನಾಗಿ ಮಾಡಲಾಗುತ್ತದೆ. ಆದೇಶಗಳನ್ನು ಟೈಪಿಸುವ ಟರ್ಮಿನಲ್ ಬಲ್ಲವನು ನಿಜವಾದ ಆಡಳಿತಗಾರ, ಮೌಸ್ ಹಿಡಿಯುವವನು ಇನ್ನೂ ಕಲಿಯುವವನು ಎಂಬ ಧಾಟಿಯ ಮಾತುಗಳನ್ನು ನಾನೂ ಒಂದು ಕಾಲದಲ್ಲಿ ಆಡಿದ್ದೇನೆ, ಅದಕ್ಕೆ ನಾಚಿಕೆಯೂ ಇದೆ. ಚಿತ್ರಾತ್ಮಕ ಪರದೆಯಲ್ಲಿ ಕೆಟ್ಟದ್ದೇನೂ ಇಲ್ಲ, ಈ ಬರಹವನ್ನು ಬರೆಯುತ್ತಿರುವುದೂ ಅಂಥದರ ಮುಂದೆಯೇ. ನನ್ನ ತಕರಾರು ಇರುವುದು ಆ ಪರದೆ ಎಲ್ಲಿರಬೇಕು ಎಂಬುದರ ಬಗ್ಗೆ. ಚಿತ್ರ ಬೇಕಾದದ್ದು ಕಣ್ಣಿಗೆ, ಕಣ್ಣು ಇರುವುದು ಕೌಂಟರಿನಲ್ಲಿ ಕುಳಿತ ಗ್ರಂಥಪಾಲಕರ ಬಳಿ, ಹಾಸ್ಟೆಲಿನ ಹುಡುಗನ ಮೊಬೈಲಿನ ಬಳಿ, ನನ್ನ ಮನೆಯ ಲ್ಯಾಪ್‌ಟಾಪಿನ ಬಳಿ. ಬೀಗ ಹಾಕಿದ ಕೋಣೆಯಲ್ಲಿ ಕುಳಿತ ಸರ್ವರಿನ ಮುಂದೆ ಕಣ್ಣೇ ಇಲ್ಲ.

ಇದು ನನ್ನ ಹೊಸ ಶೋಧವೇನಲ್ಲ. ಲಿನಕ್ಸಿನಲ್ಲಿ ಬಹುಕಾಲ ಚಿತ್ರಗಳನ್ನು ಮೂಡಿಸುತ್ತಾ ಬಂದ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು, ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು. ಅದರ ಪರಿಭಾಷೆ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ‘ಎಕ್ಸ್ ಸರ್ವರ್’ ಎಂದರೆ ದೂರದ ದೊಡ್ಡ ಯಂತ್ರವಲ್ಲ, ನಮ್ಮ ಕಣ್ಣೆದುರು ಪರದೆ, ಕೀಬೋರ್ಡ್ ಮತ್ತು ಮೌಸುಗಳನ್ನು ಒದಗಿಸುವ ಯಂತ್ರ. ದೂರದ ಯಂತ್ರದಲ್ಲಿ ಓಡುವ ಪ್ರೋಗ್ರಾಮೇ ಇಲ್ಲಿ ಗಿರಾಕಿ, ಅದು ‘ಇಲ್ಲೊಂದು ಕಿಟಕಿ ಬಿಡಿಸಿಕೊಡು’ ಎಂದು ನಮ್ಮ ಯಂತ್ರವನ್ನು ಕೇಳಿಕೊಳ್ಳುತ್ತದೆ. ಪರದೆ ಮನುಷ್ಯ ಕುಳಿತಲ್ಲಿ, ಕೆಲಸ ಯಂತ್ರ ಇರುವಲ್ಲಿ ಎಂಬ ವಿಂಗಡಣೆಯನ್ನು ಅವರು ಹೆಸರಿಡುವಾಗಲೇ ಮಾಡಿಬಿಟ್ಟಿದ್ದರು. ಒರಾಕಲ್ ಡೇಟಾಬೇಸಿನ ಅನುಸ್ಥಾಪಕ ಚಿತ್ರಾತ್ಮಕ ಕಿಟಕಿ ತೆರೆಯುತ್ತದೆಂಬ ಒಂದೇ ಕಾರಣಕ್ಕೆ ಸರ್ವರಿಗೆ ಪೂರ್ಣ ಗ್ನೋಮ್ ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ಎಸ್‌ಎಸ್‌ಎಚ್‌ಗೆ ‘-ಎಕ್ಸ್’ ಎಂಬ ಆಯ್ಕೆ ಸೇರಿಸಿದರೆ ಆ ಒಂದು ಕಿಟಕಿ ತಮ್ಮ ಲ್ಯಾಪ್‌ಟಾಪಿನಲ್ಲೇ ತೆರೆದುಕೊಳ್ಳುತ್ತದೆ. ಅದಕ್ಕೆ ಸರ್ವರಿನಲ್ಲಿ ಕೆಲವು ಲೈಬ್ರರಿಗಳೂ ಎಕ್ಸ್‌ಆತ್ ಎಂಬ ಪುಟ್ಟ ಉಪಕರಣವೂ ಇದ್ದರೆ ಸಾಕು, ಡೆಸ್ಕ್‌ಟಾಪ್ ಬೇಕಿಲ್ಲ. ಉತ್ತರಗಳನ್ನು ಮೊದಲೇ ಫೈಲಿನಲ್ಲಿ ಬರೆದುಕೊಟ್ಟು ಕಿಟಕಿಯೇ ಇಲ್ಲದೆ ಮುಗಿಸುವ ದಾರಿಯನ್ನೂ ಒರಾಕಲ್ ಕೊಟ್ಟಿದೆ.

ಕೋಹಾದ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ರೂಪುಗೊಂಡು 2000ರಲ್ಲಿ ಬಳಕೆಗೆ ಬಂದ ಈ ತಂತ್ರಾಂಶದ ಹೆಸರಿಗೆ ಮಾವೋರಿ ಭಾಷೆಯಲ್ಲಿ ಕಾಣಿಕೆ ಎಂಬ ಅರ್ಥವಿದೆ. ಪುಸ್ತಕ ಸೇರಿಸುವುದು, ಎರವಲು ಕೊಡುವುದು, ದಂಡ ಹಾಕುವುದು, ವರದಿ ತೆಗೆಯುವುದು ಎಲ್ಲವೂ ಬ್ರೌಸರಿನಲ್ಲೇ ನಡೆಯುತ್ತವೆ. ಗ್ರಂಥಪಾಲಕರು ಒಂದು ದಿನವೂ ಸರ್ವರಿನ ಡೆಸ್ಕ್‌ಟಾಪಿನಿಂದ ಕೋಹಾವನ್ನು ನಡೆಸಬೇಕಾದ ಪ್ರಸಂಗ ಬರುವುದಿಲ್ಲ. ನಾನು ಅವರಿಗಾಗಿ ಎಂದು ಬಿಟ್ಟ ಡೆಸ್ಕ್‌ಟಾಪನ್ನು ಅವರು ಬಳಸಿದ್ದು ಒಂದೇ ಕೆಲಸಕ್ಕೆ, ಅದೂ ಬೆಳಿಗ್ಗೆ ಬಂದವರೇ ಕೀಬೋರ್ಡ್ ಒತ್ತಿ ಅದನ್ನು ಎಬ್ಬಿಸುವುದಕ್ಕೆ.

ಡೆಸ್ಕ್‌ಟಾಪನ್ನು ತೆಗೆಯುತ್ತೇನೆ ಎಂದಾಗ ಅಲ್ಲಿನ ಕಂಪ್ಯೂಟರ್ ವಿಭಾಗದ ಸ್ನೇಹಿತರೊಬ್ಬರು ಒಂದು ಒಳ್ಳೆಯ ಆಕ್ಷೇಪ ಎತ್ತಿದರು. ಗ್ರಂಥಾಲಯದಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡ ಪುಸ್ತಕಗಳಿವೆ, ಡೆಸ್ಕ್‌ಟಾಪ್ ಇಲ್ಲದ ಕಪ್ಪು ಪರದೆಯಲ್ಲಿ ಡೇಟಾಬೇಸ್ ತೆರೆದರೆ ಕನ್ನಡ ಶೀರ್ಷಿಕೆಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ, ಆದ್ದರಿಂದ ಕನ್ನಡಕ್ಕಾದರೂ ಡೆಸ್ಕ್‌ಟಾಪ್ ಬೇಕು ಎಂಬುದು ಅವರ ವಾದ. ಕಂಡದ್ದು ನಿಜ. ಲಿನಕ್ಸ್ ಕರ್ನೆಲ್ಲಿನ ಪಠ್ಯ ಕನ್ಸೋಲಿಗೆ ಒಂದು ಹೊತ್ತಿಗೆ 256 ಅಥವಾ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಇಟ್ಟುಕೊಳ್ಳಲು ಸಾಧ್ಯ. ಅದೂ ಒಂದು ಚೌಕಕ್ಕೆ ಒಂದು ಅಕ್ಷರದಂತೆ, ಒತ್ತಕ್ಷರ ಗುಣಿತಾಕ್ಷರಗಳನ್ನು ಕೂಡಿಸುವ ಜಾಣ್ಮೆ ಅದಕ್ಕೆ ಇಲ್ಲವೇ ಇಲ್ಲ. ಆದರೆ ಡೇಟಾಬೇಸಿನಲ್ಲಿರುವುದು ಅಕ್ಷರಗಳ ಚಿತ್ರವಲ್ಲ, ಬೈಟುಗಳು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂದರೆ ಮೂರು ಬೈಟ್. ‘ಕ್ಷ’ ಎಂದರೆ ಕಕಾರ, ವಿರಾಮ, ಷಕಾರ ಸೇರಿ ಒಂಬತ್ತು ಬೈಟ್. ಅವನ್ನು ಕೆಡದಂತೆ ಇಟ್ಟುಕೊಂಡು ಕೇಳಿದಾಗ ಹಾಗೆಯೇ ಕೊಡುವುದು ಸರ್ವರಿನ ಕೆಲಸ, ಅದಕ್ಕೆ ಒಂದೇ ಒಂದು ಕನ್ನಡ ಫಾಂಟೂ ಬೇಕಾಗಿಲ್ಲ. ಆ ಬೈಟುಗಳನ್ನು ಕೂಡಿಸಿ ‘ಕ್ಷ’ ಎಂದು ಬಿಡಿಸುವುದು ಹುಡುಗನ ಮೊಬೈಲಿನಲ್ಲಿರುವ ಬ್ರೌಸರ್.

ಅವರಿಗೆ ತೋರಿಸಲೆಂದು ನನ್ನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ಅದೇ ಪಟ್ಟಿಯನ್ನು ತೆರೆದೆ. ಸರ್ವರಿನ ಮಾನಿಟರಿನಲ್ಲಿ ಚೌಕಗಳಾಗಿದ್ದ ಸಾಲುಗಳು ಇಲ್ಲಿ ಕನ್ನಡವಾಗಿ ಬಂದವು. ಟರ್ಮಿನಲ್ಲಿನ ಚೌಕಟ್ಟಿಗೆ ಸಿಕ್ಕಿ ಒತ್ತುಗಳು ಅಲ್ಲಲ್ಲಿ ಪಕ್ಕಕ್ಕೆ ಜರುಗಿದ್ದವು ಎಂಬುದನ್ನೂ ಹೇಳಬೇಕು, ಕನ್ನಡವನ್ನು ಅಚ್ಚುಕಟ್ಟಾಗಿ ತೋರಿಸುವ ಟರ್ಮಿನಲ್ ನನಗಿನ್ನೂ ಸಿಕ್ಕಿಲ್ಲ. ಆದರೂ ಓದಲು ಅಡ್ಡಿಯಿರಲಿಲ್ಲ.

ಇನ್ನು ಡೆಸ್ಕ್‌ಟಾಪ್ ಒಂಟಿಯಾಗಿ ಬರುವುದಿಲ್ಲ, ದಿಬ್ಬಣ ಕಟ್ಟಿಕೊಂಡು ಬರುತ್ತದೆ. ಆ ಯಂತ್ರದಲ್ಲಿ ಓಡುತ್ತಿದ್ದ ಸೇವೆಗಳ ಪಟ್ಟಿ ತೆಗೆದಾಗ ಬ್ಲೂಟೂತ್ ಕಾದು ಕುಳಿತಿತ್ತು, ಧ್ವನಿ ನಿರ್ವಹಿಸುವ ಪಲ್ಸ್‌ಆಡಿಯೋ ಇತ್ತು, ಅಕ್ಕಪಕ್ಕದ ಪ್ರಿಂಟರುಗಳನ್ನು ಹುಡುಕುವ ಅವಾಹಿ ಇತ್ತು, ಮುದ್ರಣದ ಕಪ್ಸ್ ಇತ್ತು. ಆ ಸರ್ವರಿಗೆ ಸ್ಪೀಕರೂ ಇರಲಿಲ್ಲ, ಪ್ರಿಂಟರೂ ಇರಲಿಲ್ಲ. ಇರಲಿ ಬಿಡಿ, ಸುಮ್ಮನೆ ಕುಳಿತಿವೆ ಎನ್ನಬಹುದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಯಲಾದ ಕಪ್ಸ್-ಬ್ರೌಸ್ಡ್ ದೋಷಗಳು ನೆನಪಿರುವವರು ಹಾಗೆನ್ನಲಾರರು. ಪ್ರಿಂಟರುಗಳ ಸುದ್ದಿಗೆ ಕಿವಿಗೊಟ್ಟು ಯುಡಿಪಿ 631ನೇ ಪೋರ್ಟಿನಲ್ಲಿ ಎಲ್ಲ ವಿಳಾಸಗಳಿಗೂ ತೆರೆದುಕೊಂಡಿದ್ದ ಆ ಪುಟ್ಟ ಸೇವೆ, ಯಾರು ಕಳಿಸಿದ ಪ್ಯಾಕೆಟ್ಟನ್ನಾದರೂ ನಂಬಿ ಅವರು ಹೇಳಿದ ಪ್ರಿಂಟರನ್ನು ಸೇರಿಸಿಕೊಳ್ಳುತ್ತಿತ್ತು. ಮುಂದೆ ಯಾರಾದರೂ ಆ ಪ್ರಿಂಟರಿಗೆ ಮುದ್ರಣ ಕಳಿಸಿದರೆ ದಾಳಿಕೋರನ ಆದೇಶ ಯಂತ್ರದಲ್ಲಿ ಓಡುವ ಸಾಧ್ಯತೆಯಿತ್ತು. ಎಕ್ಸ್ ಸರ್ವರಿನಲ್ಲೇ 2018ರ ಅಕ್ಟೋಬರಿನಲ್ಲಿ ಬಯಲಾದ ದೋಷ ಇನ್ನೂ ನೇರವಾದದ್ದು. ಅದನ್ನು ಯಂತ್ರದ ಸರ್ವಾಧಿಕಾರವಾದ ರೂಟ್ ಅಧಿಕಾರದೊಂದಿಗೆ ಓಡುವಂತೆ ಇಟ್ಟಿದ್ದ ಯಂತ್ರಗಳಲ್ಲಿ, ಲಾಗ್ ಫೈಲ್ ಎಲ್ಲಿರಬೇಕೆಂದು ಹೇಳುವ ಒಂದು ಆಯ್ಕೆಯನ್ನೇ ಬಳಸಿ ಸಾಮಾನ್ಯ ಬಳಕೆದಾರನು ವ್ಯವಸ್ಥೆಯ ಫೈಲುಗಳ ಮೇಲೆ ಬರೆಯಬಹುದಾಗಿತ್ತು. ಇವೆರಡಕ್ಕೂ ತಿದ್ದುಪಡಿಗಳು ಬೇಗನೆ ಬಂದವು. ಆದರೆ ಆ ತಿದ್ದುಪಡಿಗಳನ್ನು ಹಾಕುವ ಕೆಲಸ, ಹಾಕಿದ ಮೇಲೆ ಏನು ಮುರಿಯಿತೆಂದು ನೋಡುವ ಕೆಲಸ ಯಾರದು? ಪ್ರಿಂಟರೇ ಇಲ್ಲದ ಯಂತ್ರದಲ್ಲಿ ಪ್ರಿಂಟರಿನ ದೋಷಕ್ಕಾಗಿ ನಾನು ರಾತ್ರಿ ಎದ್ದಿರಬೇಕು.

ಮೆಮೊರಿಯ ಲೆಕ್ಕ ಹೇಳಿ ಹೆದರಿಸುವುದು ನನಗಿಷ್ಟವಿಲ್ಲ, ಇಂದಿನ ದೊಡ್ಡ ಸರ್ವರುಗಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಾಲೇಜಿನ ಯಂತ್ರದಲ್ಲಿದ್ದದ್ದು ನಾಲ್ಕೇ ಜಿಬಿ. ಮರಿಯಾಡಿಬಿ ತನ್ನ ಪೂರ್ವನಿಯೋಜಿತ ಸ್ಥಿತಿಯಲ್ಲಿ ದತ್ತಾಂಶವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ಬಳಸುವ ಬಫರ್ 128 ಎಂಬಿ. ಯಾರೂ ನೋಡದ ಲಾಗಿನ್ ಪರದೆಯನ್ನು ತೋರಿಸುತ್ತಾ ನಿಂತ ಗ್ನೋಮ್ ಮತ್ತು ಅದರ ಪರಿವಾರ ಅದಕ್ಕಿಂತ ಹೆಚ್ಚನ್ನು ಹಿಡಿದುಕೊಂಡಿತ್ತು.

ಡೀಫಾಲ್ಟಾಗಿ ಕೊಟ್ಟಿದ್ದಾರೆಂದರೆ ಒಳ್ಳೆಯದೇ ಇರಬೇಕಲ್ಲವೇ ಎಂದು ಕೇಳುವವರಿದ್ದಾರೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಮತ್ತು 9ರ ಅನುಸ್ಥಾಪಕದಲ್ಲಿ ಮೊದಲೇ ಆಯ್ಕೆಯಾಗಿರುವುದು ‘ಸರ್ವರ್ ವಿತ್ ಜಿಯುಐ’, ಅಂದರೆ ಡೆಸ್ಕ್‌ಟಾಪ್ ಇರುವ ಸರ್ವರ್. ಉಬುಂಟು ಸರ್ವರಿನಲ್ಲಿ ಡೆಸ್ಕ್‌ಟಾಪ್ ಇರುವುದೇ ಇಲ್ಲ. ಕಿಟಕಿಗಳನ್ನೇ ಹೆಸರಾಗಿ ಇಟ್ಟುಕೊಂಡ ಮೈಕ್ರೋಸಾಫ್ಟ್ 2008ರಲ್ಲಿ ಡೆಸ್ಕ್‌ಟಾಪಿಲ್ಲದ ಸರ್ವರ್ ಕೋರ್ ತಂದಿತು. ಡೀಫಾಲ್ಟ್ ಎಂಬುದು ಅವರವರ ಗಿರಾಕಿಗಳ ಬಗೆಗಿನ ಅಂದಾಜು, ನಮ್ಮ ಯಂತ್ರದ ಬಗ್ಗೆ ಅವರಿಗೇನೂ ಗೊತ್ತಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬಲವಾದ ಕಾರಣ ಬೇರೆಯೇ ಇದೆ. ಮೌಸಿನಿಂದ ಮಾಡಿದ ಕೆಲಸಕ್ಕೆ ಗುರುತು ಉಳಿಯುವುದಿಲ್ಲ. ಡೆಸ್ಕ್‌ಟಾಪ್ ಇದ್ದ ಆ ಮೂರು ವಾರಗಳಲ್ಲಿ ಯಾರೋ ಸೆಟ್ಟಿಂಗ್ಸ್ ಕಿಟಕಿ ತೆರೆದು ಜಾಲತಾಣಗಳ ಹೆಸರನ್ನು ಹುಡುಕಿಕೊಡುವ ಡಿಎನ್‌ಎಸ್ ವಿಳಾಸವನ್ನು ಬದಲಾಯಿಸಿದ್ದರು. ಯಾರು, ಯಾವಾಗ, ಏಕೆ, ಮೊದಲು ಏನಿತ್ತು ಎಂಬುದು ಇಂದಿಗೂ ತಿಳಿದಿಲ್ಲ. ಬದಲಾಯಿಸಿದವರು ಕೆಟ್ಟ ಉದ್ದೇಶದಿಂದ ಮಾಡಿರಲಾರರು, ಎದುರಿಗೆ ಮೌಸ್ ಇತ್ತು, ಕ್ಲಿಕ್ಕಿಸಿದರು. ಆದೇಶಗಳಲ್ಲಿ ಮಾಡಿದ ಕೆಲಸವಾದರೆ ಶೆಲ್ಲಿನ ಇತಿಹಾಸದಲ್ಲಿ ಉಳಿಯುತ್ತದೆ, ನೋಟ್‌ಬುಕ್ಕಿಗೆ ಹಾಗೆಯೇ ಇಳಿಸಿಕೊಳ್ಳಬಹುದು, ಫೋನಿನಲ್ಲಿ ಓದಿ ಹೇಳಬಹುದು, ಯಂತ್ರ ಸುಟ್ಟುಹೋದರೆ ಇನ್ನೊಂದರ ಮೇಲೆ ಅದೇ ಸಾಲುಗಳನ್ನು ಮತ್ತೆ ಓಡಿಸಬಹುದು. ಅಡಿಗೆಯ ಅಳತೆ ಬರೆದಿಟ್ಟದ್ದಕ್ಕೂ ‘ಕೈಯಂದಾಜಿಗೆ ಹಾಕಿದೆ’ ಎಂಬುದಕ್ಕೂ ಇರುವಷ್ಟೇ ವ್ಯತ್ಯಾಸ ಇದು. ಕೈಯಂದಾಜು ಬಲ್ಲವರು ಊರಿನಲ್ಲಿರುವ ತನಕ ಊಟಕ್ಕೆ ಕೊರತೆಯಿಲ್ಲ.

ಹಾಗೆಂದು ಟರ್ಮಿನಲ್ಲೊಂದೇ ಗತಿ ಎಂದಲ್ಲ. ಡಿಸ್ಕ್ ಎಷ್ಟು ತುಂಬಿದೆ, ಯಾವ ಸೇವೆ ನಿಂತಿದೆ ಎಂದು ಚಿತ್ರರೂಪದಲ್ಲೇ ನೋಡಬೇಕೆನ್ನುವವರಿಗೆ ಕಾಕ್‌ಪಿಟ್ ಇದೆ. ಅದು 9090ನೇ ಪೋರ್ಟಿನಲ್ಲಿ ಬ್ರೌಸರಿಗೆ ತೆರೆದುಕೊಳ್ಳುತ್ತದೆ, ನೋಡುವವರು ಇಲ್ಲದಾಗ ಬಹುತೇಕ ಏನನ್ನೂ ಓಡಿಸುವುದಿಲ್ಲ. ಫೈಲುಗಳನ್ನು ಎಳೆದು ಹಾಕಬೇಕೆಂದರೆ ನಮ್ಮ ಲ್ಯಾಪ್‌ಟಾಪಿನ ಫೈಲ್ ಮ್ಯಾನೇಜರಿಗೆ ಎಸ್‌ಎಫ್‌ಟಿಪಿ ವಿಳಾಸ ಕೊಟ್ಟರಾಯಿತು. ನೆಟ್‌ವರ್ಕೇ ಕೈಕೊಟ್ಟು ಯಂತ್ರದ ಮುಂದೆ ನಿಲ್ಲಬೇಕಾಗಿ ಬಂದರೂ ಪಠ್ಯ ಕನ್ಸೋಲ್ ಅಲ್ಲೇ ಇರುತ್ತದೆ. ಪೂರ್ಣ ಡೆಸ್ಕ್‌ಟಾಪನ್ನೇ ದೂರದಿಂದ ನೋಡಲೇಬೇಕಾದರೆ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ ವಿಎನ್‌ಸಿ ಬಳಸಬಹುದು. ಆದರೆ ವಿಎನ್‌ಸಿಯ ಸಾಂಪ್ರದಾಯಿಕ ದೃಢೀಕರಣ ಗುಪ್ತಪದದ ಮೊದಲ ಎಂಟು ಅಕ್ಷರಗಳನ್ನಷ್ಟೇ ನೋಡುವುದರಿಂದ, ಅದರ 5901ನೇ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಡದೆ ಎಸ್‌ಎಸ್‌ಎಚ್ ಸುರಂಗದೊಳಗಿನಿಂದ ಮಾತ್ರ ತಲುಪುವಂತೆ ಮಾಡಬೇಕು.

ಡೆಸ್ಕ್‌ಟಾಪ್ ಇರಲೇಬೇಕಾದ ಸರ್ವರುಗಳೂ ಇವೆ. ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟಿನ ಬಗೆಯಲ್ಲಿ ಒಂದೇ ಯಂತ್ರದಿಂದ ಇಡೀ ಪ್ರಯೋಗಾಲಯದ ಮಕ್ಕಳಿಗೆ ಡೆಸ್ಕ್‌ಟಾಪ್ ಹಂಚುವಲ್ಲಿ ಚಿತ್ರ ಬಡಿಸುವುದೇ ಸರ್ವರಿನ ಕೆಲಸ. ಅಲ್ಲಿ ಬೇಡ ಎನ್ನುವುದು ಹೋಟೆಲಿಗೆ ಒಲೆ ಬೇಡ ಎಂದಂತೆ. ಇನ್ನೊಂದು, ನಮ್ಮ ಕಡೆ ಬಹಳ ಸಾಮಾನ್ಯವಾದದ್ದು, ಇಡೀ ಗ್ರಂಥಾಲಯಕ್ಕೆ ಇರುವುದೇ ಒಂದು ಕಂಪ್ಯೂಟರ್, ಅದೇ ಕೌಂಟರ್, ಅದೇ ಸರ್ವರ್. ಎರಡನೆಯದಕ್ಕೆ ಹಣವಿಲ್ಲ. ಅಲ್ಲಿ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಅದನ್ನು ಕೋಹಾ ಓಡುವ ಡೆಸ್ಕ್‌ಟಾಪ್ ಎಂದೇ ಒಪ್ಪಿಕೊಂಡು, ಎಕ್ಸ್‌ಎಫ್‌ಸಿಇ ಹಾಕಿ, ನಿದ್ದೆಯ ನಾಲ್ಕು ಬಗೆಗಳನ್ನು, ಅಂದರೆ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್ ಮತ್ತು ಹೈಬ್ರಿಡ್-ಸ್ಲೀಪ್ ಎಂಬ ಟಾರ್ಗೆಟ್ಟುಗಳನ್ನು, ಸಿಸ್ಟಮ್‌ಸಿಟಿಎಲ್‌ನ ಮಾಸ್ಕ್ ಆದೇಶದಿಂದ ಮುಚ್ಚಿ, ಪ್ರತಿ ಸಂಜೆ ಬ್ಯಾಕಪ್ಪನ್ನು ಪೆನ್‌ಡ್ರೈವಿಗೆ ತೆಗೆಯುವ ರೂಢಿ ಮಾಡಿಕೊಳ್ಳುವುದು ಮೇಲು.

ಕಾಲೇಜಿನ ಯಂತ್ರಕ್ಕೂ ನಾನು ಮೊದಲು ಮಾಡಿದ್ದು ಆ ಮಾಸ್ಕನ್ನೇ. ಅಂದಿನ ರಾತ್ರಿಯಿಂದಲೇ ಕ್ಯಾಟಲಾಗ್ ತೆರೆಯತೊಡಗಿತು. ಆಮೇಲೆ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಎಂದು ಬರೆದು ಅದರ ಮುಂದೆ ಮಲ್ಟಿ-ಯೂಸರ್ ಟಾರ್ಗೆಟ್, ಅಂದರೆ ಚಿತ್ರಾತ್ಮಕ ಪರದೆಯಿಲ್ಲದ ಸ್ಥಿತಿಯನ್ನು, ಕೊಟ್ಟೆ. ಹಳಬರಿಗೆ ಹೇಳಬೇಕೆಂದರೆ ರನ್‌ಲೆವೆಲ್ ಐದರಿಂದ ಮೂರಕ್ಕೆ ಇಳಿಸಿದಂತೆ. ಇದರಿಂದ ಡೆಸ್ಕ್‌ಟಾಪ್ ಏಳುವುದು ನಿಂತಿತು, ಆದರೆ ನೂರಾರು ಪ್ಯಾಕೇಜುಗಳು ಡಿಸ್ಕಿನಲ್ಲಿ ಹಾಗೆಯೇ ಉಳಿದು ಪ್ರತಿ ವಾರ ಅಪ್‌ಡೇಟ್ ಕೇಳುತ್ತಿದ್ದವು. ಅವನ್ನು ಒಂದೊಂದಾಗಿ ಕಿತ್ತುಹಾಕಲು ಹೊರಟಾಗ, ಬೇಡವಾದವನ್ನು ತೆಗೆಯುವ ಆಟೋರಿಮೂವ್ ಆದೇಶ ತೆಗೆಯುತ್ತೇನೆಂದು ತೋರಿಸಿದ ಪಟ್ಟಿಯಲ್ಲಿ, ಯಂತ್ರವನ್ನು ಜಾಲಕ್ಕೆ ಸೇರಿಸುವ ನೆಟ್‌ವರ್ಕ್‌ಮ್ಯಾನೇಜರೂ ಇತ್ತು, ನಾನಿದ್ದದ್ದು ಮನೆಯಲ್ಲಿ. ಹೂಂ ಎಂದಿದ್ದರೆ ನಾನು ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತಿತ್ತು. ಪುಣ್ಯಕ್ಕೆ ಪಟ್ಟಿಯನ್ನು ಪೂರ್ತಿ ಓದಿದ್ದೆ.

ಕೊನೆಗೆ ಒಂದು ಭಾನುವಾರ ಕಾಲೇಜಿಗೇ ಹೋದೆ. ಕೋಹಾ-ಡಂಪ್ ಓಡಿಸಿ ಸಿಕ್ಕ ಎರಡು ಫೈಲುಗಳನ್ನು, ಅಂದರೆ ಡೇಟಾಬೇಸಿನದೊಂದು, ಸಂರಚನೆಯದೊಂದು, ಬೇರೆ ಡಿಸ್ಕಿಗೆ ತೆಗೆದುಕೊಂಡೆ. ಡೆಬಿಯನ್ನನ್ನು ಹೊಸದಾಗಿ ಹಾಕಿದೆ. ಟಾಸ್ಕ್‌ಸೆಲ್ ಪಟ್ಟಿ ಬಂದಾಗ ಸ್ಪೇಸ್ ಬಾರನ್ನು ಎರಡು ಸಾಲುಗಳ ಮೇಲೂ ಒತ್ತಿ, ಎಸ್‌ಎಸ್‌ಎಚ್ ಸರ್ವರಿನ ಸಾಲಿಗೆ ಗುರುತು ಹಾಕಿ ಮುಂದುವರಿದೆ. ಕೋಹಾ-ರಿಸ್ಟೋರಿಗೆ ಆ ಎರಡು ಫೈಲುಗಳನ್ನು ಕೊಟ್ಟು ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಸರ್ವರಿನಿಂದ ಬಿಚ್ಚಿದ ಮಾನಿಟರ್, ಕೀಬೋರ್ಡ್, ಮೌಸುಗಳನ್ನು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಿಪಿಯು ಒಂದಕ್ಕೆ ಜೋಡಿಸಿ, ಬ್ರೌಸರಿನಲ್ಲಿ ಕ್ಯಾಟಲಾಗ್ ತೆರೆದು, ಓದುಕೋಣೆಯ ಬಾಗಿಲ ಬಳಿ ಹುಡುಗರಿಗಾಗಿ ಇಟ್ಟೆವು. ಸರ್ವರ್ ಈಗ ಕಪಾಟಿನಲ್ಲಿದೆ, ಅದಕ್ಕೆ ಎರಡೇ ತಂತಿ. ಕಪಾಟಿನ ಬಾಗಿಲ ಒಳಬದಿಗೆ ಗ್ರಂಥಪಾಲಕರು ತಮ್ಮದೇ ಅಕ್ಷರದಲ್ಲಿ ಐದು ಆದೇಶಗಳನ್ನು ಬರೆದ ಹಾಳೆ ಅಂಟಿಸಿಕೊಂಡಿದ್ದಾರೆ. ಕಳೆದ ತಿಂಗಳು ಡಿಸ್ಕ್ ತುಂಬಿತೆಂಬ ಸುದ್ದಿ ನನಗೆ ತಲುಪುವ ಮೊದಲೇ ಅದರ ಮೂರನೆಯ ಸಾಲನ್ನು ಓಡಿಸಿ, ಹಳೆಯ ಡಂಪುಗಳನ್ನು ತೆಗೆದು, ಆಮೇಲೆ ಫೋನ್ ಮಾಡಿದರು.